ಒಂದೇ ಅಂಶವಿರುವ ಗಣ

ಪ್ರಿಯ ಗೆಳೆಯ,

ಲಕೋಟೆಯಲ್ಲಿ ಬರಬೇಕಾದ ಪತ್ರವನ್ನು ಎಲ್ಲರೆದುರು ತೆರೆದಿಟ್ಟೆನೆಂದು ನೀನು ಬೈಯುತ್ತೀಯೆಂದು ಗೊತ್ತು. ವಿರಾಜಪೇಟೆ ಬಸ್ಸಿನ ಕೊಡೆಯ ಪ್ರಸಂಗವನ್ನು ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಶಾಲೆಯ ಗಣಿತದಲ್ಲಿ ಗಣವೆಂದರೆ ವಸ್ತುಗಳ ಸಮೂಹವೆಂದು ಒಪ್ಪಿಸಿ ಪಾರಾದವರು ನಾವು. ಸಮೂಹವೆಂದರೇನೆಂದು ಮೇಷ್ಟ್ರು ಕೇಳಿದ್ದರೆ ಗಣವೆನ್ನುತ್ತಿದ್ದೆವು. 1895ರಲ್ಲಿ ಗಣಸಿದ್ಧಾಂತ ಕಟ್ಟಿದ ಕ್ಯಾಂಟರ್ ಹೇಳಿದ್ದೂ ಹೆಚ್ಚುಕಡಿಮೆ ಅಷ್ಟೇ: ಬೇರೆಬೇರೆಯಾಗಿ ಗುರುತಿಸಬಹುದಾದ ವಸ್ತುಗಳನ್ನು ಒಟ್ಟುಗೂಡಿಸಿ ಒಂದೆಂದು ಕಾಣುವುದು. ಆದರೆ ಯಾವ ಲಕ್ಷಣ ಹೇಳಿದರೂ ಅದಕ್ಕೊಂದು ಗಣವಿದೆಯೆಂದು ನಂಬಿದರೆ, ತಮ್ಮೊಳಗೆ ತಾವಿಲ್ಲದ ಗಣಗಳೆಲ್ಲವುಗಳ ಗಣ ತನ್ನೊಳಗೆ ತಾನಿದೆಯೇ ಎಂಬ ತತ್ವಜ್ಞಾನಿ ರಸೆಲ್‌ನ ಪ್ರಶ್ನೆಗೆ ಹೌದೆಂದರೂ ಸಿಕ್ಕಿಬೀಳುತ್ತೇವೆ, ಇಲ್ಲವೆಂದರೂ ಸಿಕ್ಕಿಬೀಳುತ್ತೇವೆ. 1902ರ ಜೂನ್‌ನಲ್ಲಿ ಆತ ಇದನ್ನು, ಅಂಕಗಣಿತವನ್ನು ತರ್ಕದ ಮೇಲೆ ಕಟ್ಟಲು ಹೊರಟಿದ್ದ ಫ್ರೇಗೆಗೆ ಬರೆದು ಕಳಿಸಿದಾಗ ಅವನ ಗ್ರಂಥದ ಎರಡನೆಯ ಸಂಪುಟ ಅಚ್ಚಿನಲ್ಲಿತ್ತು. ಪತ್ರಗಳಿಂದಾಗುವ ಹಾನಿ ಹೊಸದೇನಲ್ಲ. ಈ ಸಿಕ್ಕಿನಿಂದ ಪಾರಾಗಲು 1908ರಲ್ಲಿ ಗಣಿತಜ್ಞ ಝರ್ಮೆಲೊ, ಈಗಾಗಲೇ ಇರುವ ಗಣದಿಂದ ಮಾತ್ರ ಜರಡಿ ಹಿಡಿದು ತೆಗೆಯಿರಿ ಎಂದು ಕಟ್ಟುಮಾಡಿದ.

ನನ್ನನ್ನು ಕಾಡುತ್ತಿರುವುದು ಅದಲ್ಲ, ಇನ್ನೂ ಸರಳವಾದ ನಿಯಮ: ಅಂಶಗಳು ಒಂದೇ ಆದರೆ ಗಣವೂ ಒಂದೇ, ಒಂದು ಅಂಶ ಹೋದರೂ ಅದು ಬೇರೆಯೇ ಗಣ. ಹಾಗಾದರೆ ನಮ್ಮ ಒಕ್ಕ, ಅಂದರೆ ನಮ್ಮ ಕೊಡವ ಮನೆತನ, ಗಣವಲ್ಲ, ಏಕೆಂದರೆ ಎಷ್ಟು ಜನ ಹುಟ್ಟಿ ಸತ್ತರೂ ಅದು ಅದೇ ಒಕ್ಕ. ಗಣಕ್ಕಿಂತ ಅಂಶಗಳು ಮೊದಲು ಎನ್ನುತ್ತಾರೆ. ಇಲ್ಲಿ ನಾನು ಹುಟ್ಟುವ ಮೊದಲೇ ನನ್ನ ಹೆಸರಿನ ಮುಂದೆ ನಿಲ್ಲಬೇಕಾದ ಒಕ್ಕದ ಹೆಸರು ಕಾದು ನಿಂತಿತ್ತು.

ಈ ಸಲ ಸುಗ್ಗಿಯ ಹಬ್ಬ ಪುತ್ತರಿಯ ರಾತ್ರಿ, ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ನಾನೊಬ್ಬನೇ. ಕದಿರು ತೆಗೆಯುವಾಗ ‘ಪೊಲಿ ಪೊಲಿ ದೇವಾ’ (ಹೆಚ್ಚಲಿ ದೇವಾ) ಎಂದು ಕೂಗಿದವನೂ ನಾನೇ, ಓಗೊಟ್ಟವನೂ ನಾನೇ. ಒಂದೇ ಅಂಶವಿರುವ ಗಣವೂ ಆ ಅಂಶವೂ ಬೇರೆಬೇರೆ ಎಂಬುದನ್ನು ಪಂಡಿತರ ಕೂದಲು ಸೀಳುವ ಕೆಲಸವೆಂದುಕೊಂಡಿದ್ದೆ. ನೆಲ್ಲಕ್ಕಿಯ, ಅಂದರೆ ಒಳಗಿನ ನಡುಮನೆಯ, ತೂಗುದೀಪಕ್ಕೆ ಎಣ್ಣೆ ಹೊಯ್ಯುತ್ತ ನಿಂತಾಗ, ನಾನು ಬೇರೆ, ನಾನೊಬ್ಬನೇ ಉಳಿದಿರುವ ಒಕ್ಕ ಬೇರೆ ಎಂಬುದು ಹೆಗಲಿಗೇ ತಿಳಿಯಿತು. ಒಂದೂ ಅಂಶವಿಲ್ಲದ ಶೂನ್ಯ ಗಣ ಇರುವುದು ಒಂದೇ. ಆ ಲೆಕ್ಕದಲ್ಲಿ ಅಳಿದುಹೋದ ಒಕ್ಕಗಳೆಲ್ಲ ಒಂದೇ ಆಗಿಬಿಡುತ್ತವೆ, ನಮ್ಮದು ಯಾವುದು ಎಂದು ಕೇಳುವಂತಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ನಗಿಸಿ ಜಾರಿಕೊಂಡೆನಲ್ಲ, ಅದು ಸ್ವಾತಂತ್ರ್ಯದ ಆಸೆಯಿಂದಲ್ಲ ಮಾರಾಯ, ಹೆದರಿಕೆಯಿಂದ. ಅಪ್ಪನಿಗೂ ಅದು ಗೊತ್ತಿತ್ತೆಂದು ಈಗ ಅನಿಸುತ್ತದೆ.

ಸಾಕು. ಇದನ್ನು ಓದಿದವರು ದಯವಿಟ್ಟು ಜಾತಕ ಕಳಿಸಬಾರದು. ಅಂದು ಅಮ್ಮನ ಕಾಲದ ಅಳತೆಯಲ್ಲೇ ಹುರಿದಕ್ಕಿ ಪುಡಿಗೆ ಬಾಳೆಹಣ್ಣು ಕಿವುಚಿ ಹತ್ತು ಜನಕ್ಕಾಗುವಷ್ಟು ತಂಬುಟ್ಟು ಕಲಸಿಬಿಟ್ಟಿದ್ದೆ. ಮೂರು ದಿನ ಅದನ್ನೇ ತಿಂದೆ. ಮುಂದಿನ ಪುತ್ತರಿಗೆ ನೀನು ಬಾ. ಕೊಡೆ ಮಾತ್ರ ತರಬೇಡ.

ನಿನ್ನವ