ಬಾಲನಟರ ದುಡ್ಡಿನ ಲೆಕ್ಕ ಯಾರು ಕೇಳ್ತಾರ?

ಸಂಪಾದಕರೇ,

ಸಿನಿಮಾ, ಸೀರಿಯಲ್‌ನ್ಯಾಗ ಮಾಡೋ ಸಣ್ಣ ಹುಡುಗ್ರು ದೊಡ್ಡವರಾದ ಮ್ಯಾಲೆ ಏನಾಗ್ತಾರ ಅನ್ನೋದನ್ನ ಯಾರೂ ಕೇಳಂಗಿಲ್ಲ. ಬಾಲನಟರ ಬಗ್ಗೆ ನಿಮ್ಮ ಪೇಪರ್‌ನ್ಯಾಗ ಬಂದದ್ದು ಓದಿ ಬರ್ಯಾಕತ್ತೀನಿ. ಎಲ್ಲಾರೂ ಪುನೀತ್ ರಾಜ್‌ಕುಮಾರ್ ಹೆಸರು ಹೇಳ್ತಾರ, ‘ಬೆಟ್ಟದ ಹೂವು’ಗೆ ರಾಷ್ಟ್ರಪ್ರಶಸ್ತಿ ತಗೊಂಡ ಹುಡುಗ 2002ರಾಗ ‘ಅಪ್ಪು’ ಮಾಡಿ ಹೀರೋ ಆದ್ರು, ಖರೆ, ಆದ್ರ ಅವರ ಹಿಂದ ಅಣ್ಣಾವ್ರ ಮನಿ ಇತ್ತಲ್ರಿ. ನಮ್ಮ ಬಾಗಲಕೋಟಿ ಓಣಿ ಹುಡುಗ್ಗ ಧ್ವನಿ ಒಡದು ಮೀಸಿ ಬಂತಂದ್ರ ಫೋನೇ ಬರಂಗಿಲ್ಲ, ಅಷ್ಟೊತ್ತಿಗೆ ಸಾಲಿನೂ ಅರ್ಧಕ್ಕ ನಿಂತಿರ್ತದ.

ಕಾನೂನು ಇಲ್ಲಂತಲ್ಲ. 2017ರ ಕೇಂದ್ರದ ನಿಯಮದಾಗ ದಿನಕ್ಕ 5 ತಾಸಿಗಿಂತ ಹೆಚ್ಚು ಕೆಲಸ ಮಾಡಿಸಬಾರ್ದು, ಸತತ 27 ದಿನಕ್ಕಿಂತ ಹೆಚ್ಚಿಗೆ ಶೂಟಿಂಗ್ ಬ್ಯಾಡ, ದುಡಿದದ್ದರಾಗ ಕನಿಷ್ಠ ಶೇ 20 ಮಗುವಿನ ಹೆಸರಿಲೆ ಬ್ಯಾಂಕಿನ್ಯಾಗ ಎಫ್‌ಡಿ ಇಡ್ಬೇಕು ಅಂತ ಐತಿ. ಎಷ್ಟು ತಂದಿ-ತಾಯಿಗೆ ಇದು ಗೊತ್ತೈತಿ? (ನನಗೂ ಮೊದಲು ಗೊತ್ತಿರ್ಲಿಲ್ಲ ಬಿಡ್ರಿ.)

ಸಣ್ಣ ಹುಡುಗ್ರನ್ನ ಶೂಟಿಂಗ್‌ಗೆ ಹಚ್ಚಾಕ ಜಿಲ್ಲಾಧಿಕಾರಿ ಪರ್ಮಿಷನ್ ಹೆಂಗೂ ಬೇಕಾಗ್ತದ, ಅದನ್ನ ಕೊಡೋ ಮುಂದ ಎಫ್‌ಡಿ ಅಕೌಂಟ್ ತೆಗ್ದಾರೋ ಇಲ್ಲೋ ನೋಡ್ಲಿ, ಶೂಟಿಂಗ್ ಮುಗಿದ ಮ್ಯಾಲೆ ಪಾಸ್‌ಬುಕ್ಕೂ ಕೇಳ್ಲಿ.

— ಒಬ್ಬ ಓದುಗ, ನವನಗರ, ಬಾಗಲಕೋಟೆ