ಅಸಿಸ್ಟೆಂಟ್ ಕೋಚ್‌ಗೂ ಒಂದು ಆದೇಶಪತ್ರ ಕೊಡಿ

ಮಾನ್ಯ ಸಂಪಾದಕರೇ,

ಕೊಡಗಿನಲ್ಲಿ ಆಟದ ಮಾತು ಬಂದರೆ ಅದು ಹಾಕಿಗೆ ಹೋಗಿ ನಿಲ್ಲುತ್ತದೆ. ನಾನು ಬರೆಯುತ್ತಿರುವುದು ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಬಗ್ಗೆ, ಅದರಲ್ಲೂ ಆ ತಂಡದ ಜೊತೆ ದಿನಾ ನಿಲ್ಲುವ ಅಸಿಸ್ಟೆಂಟ್ ಕೋಚ್ ಬಗ್ಗೆ.

ನನ್ನ ಮಗಳು ಜಿಲ್ಲೆಯ ಒಂದು ಕಾಲೇಜಿನಲ್ಲಿ ಆಡುತ್ತಾಳೆ. ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬರೇ. ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್ ಎಲ್ಲವೂ ಅವರ ತಲೆ ಮೇಲೆ, ಅದರ ಮೇಲೆ ಪರೀಕ್ಷಾ ಡ್ಯೂಟಿ ಬೇರೆ. ಹಾಗಾಗಿ ಈ ತಂಡವನ್ನು ನಿಜವಾಗಿ ತಯಾರು ಮಾಡುವುದು ಅದೇ ಕಾಲೇಜಿನಲ್ಲಿ ಆಡಿ ಹೋದ ಒಬ್ಬ ಹುಡುಗಿ. ಮಕ್ಕಳೆಲ್ಲ ಅಕ್ಕ ಅಂತಲೇ ಕರೆಯುತ್ತಾರೆ. ಮಳೆಗಾಲದಲ್ಲಿ ಸಿಮೆಂಟ್ ಕೋರ್ಟಿನ ಮೇಲೆ ಪಾಚಿ ಕಟ್ಟುತ್ತದೆ, ಮಳೆ ಬಿಟ್ಟ ತಕ್ಷಣ ಪೊರಕೆ ಹಿಡಿದು ಉಜ್ಜುವವಳೂ ಅವಳೇ. ಎಡಗೈಯಲ್ಲಿ ಲೇ-ಅಪ್ (ಓಡಿ ಬಂದು ನೆಗೆದು ಬುಟ್ಟಿಯ ಹತ್ತಿರದಿಂದ ಚೆಂಡು ಹಾಕುವುದು) ಹಾಕಲು ತಡವರಿಸುವ ಹುಡುಗಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಹೆಜ್ಜೆ ಬರೆದು, ಮೊದಲು ಎಡಗಾಲು, ಆಮೇಲೆ ಬಲಗಾಲು, ಅಲ್ಲಿಂದ ನೆಗಿ ಅಂತ ಬೇಜಾರಿಲ್ಲದೆ ಮತ್ತೆ ಮತ್ತೆ ಮಾಡಿಸುವುದನ್ನು ನಾನೇ ನಿಂತು ನೋಡಿದ್ದೇನೆ. ಹೆಣ್ಣುಮಕ್ಕಳ ಆಟಕ್ಕೆ 6ನೇ ಸೈಜಿನ ಚೆಂಡು ಬೇಕು, ಸ್ಟೋರಿನಲ್ಲಿ ಇರುವುದೆಲ್ಲ ಗಂಡುಮಕ್ಕಳ 7ನೇ ಸೈಜಿನದು ಅಂತ ಜಗಳ ಮಾಡಿ ಎರಡು ಚೆಂಡು ತರಿಸಿದವಳೂ ಅವಳೇ. ಮಂಗಳೂರಿಗೋ ಮೈಸೂರಿಗೋ ಪಂದ್ಯಕ್ಕೆ ಹೋಗಿ ರಾತ್ರಿ ಉಳಿಯಬೇಕಾದಾಗ, ಅಕ್ಕ ಬರ್ತಾಳೆ ಅಂದರೆ ಮಾತ್ರ ನಾವು ಪಾಲಕರು ಹೂಂ ಅನ್ನುವುದು.

ಇಷ್ಟಕ್ಕೆ ಅವಳಿಗೆ ಸಿಗುವುದು ಟೂರ್ನಿ ಹತ್ತಿರ ಬಂದಾಗಿನ ಒಂದಿಷ್ಟು ಗೌರವಧನ. ಅನುಭವ ಪತ್ರ ಕೇಳಿದರೆ ‘ಹಳೆ ವಿದ್ಯಾರ್ಥಿನಿ, ತಂಡಕ್ಕೆ ಸಹಾಯ ಮಾಡಿದ್ದಾರೆ’ ಅಂತ ಬರೆದುಕೊಟ್ಟರು. ಆ ಕಾಗದ ಹಿಡಿದು ಯಾವ ಕೆಲಸಕ್ಕೆ ಅರ್ಜಿ ಹಾಕುವುದು ಹೇಳಿ.

ಅಮೆರಿಕದ ಕಾಲೇಜುಗಳಲ್ಲಿ ಇದೇ ಕೆಲಸಕ್ಕೆ ಮೆಟ್ಟಿಲುಗಳಿವೆ. ಸ್ನಾತಕೋತ್ತರ ಓದುತ್ತಲೇ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ಪಂದ್ಯದ ವಿಡಿಯೋ ನೋಡುವುದು, ಪ್ರಯಾಣದ ವ್ಯವಸ್ಥೆ ನೋಡಿಕೊಳ್ಳುವುದು, ಆಮೇಲೆ ಅಸಿಸ್ಟೆಂಟ್ ಕೋಚ್ ಆಗಿ ಎದುರಾಳಿ ತಂಡದ ಆಟ ಅಳೆಯುವುದು, ಹೊಸ ಆಟಗಾರ್ತಿಯರನ್ನು ಹುಡುಕುವುದು. ಅಲ್ಲಿಂದ ಮುಂದೆ ಅಸೋಸಿಯೇಟ್, ಹೆಡ್ ಕೋಚ್. ನೀಲ್ ಐವಿ ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ 2001ರಲ್ಲಿ ಚಾಂಪಿಯನ್ ಆದವರು, 2007ರಲ್ಲಿ ಅಲ್ಲಿಗೇ ಅಸಿಸ್ಟೆಂಟ್ ಆಗಿ ಬಂದರು, ನಡುವೆ ಗಂಡಸರ ಎನ್‌ಬಿಎ ತಂಡ ಮೆಂಫಿಸ್ ಗ್ರಿಜ್ಲೀಸ್‌ನಲ್ಲೂ ಅಸಿಸ್ಟೆಂಟ್ ಆಗಿದ್ದು 2020ರಲ್ಲಿ ನೋಟರ್ ಡೇಮ್‌ಗೆ ಹೆಡ್ ಕೋಚ್ ಆದರು. ಎಲ್ಲರೂ ಹೆಡ್ ಕೋಚ್ ಆಗಲೇಬೇಕು ಅಂತಲೂ ಇಲ್ಲ. ಯುಕಾನ್ ಅಂದರೆ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಕ್ರಿಸ್ ಡೇಲಿ 1985ರಿಂದ ಹೆಡ್ ಕೋಚ್ ಜೀನೊ ಆರಿಯೆಮ್ಮ ಅವರ ಪಕ್ಕದಲ್ಲೇ ಇದ್ದಾರೆ, ಅದೇ ಒಂದು ದೊಡ್ಡ ವೃತ್ತಿ.

ಅಲ್ಲಿನಷ್ಟು ದುಡ್ಡು ನಮ್ಮಲ್ಲಿಲ್ಲ, ಒಪ್ಪುತ್ತೇನೆ. ಆದರೆ ಇಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ ಆಗಬೇಕೆಂದರೆ ಎರಡು ವರ್ಷ ಬಿ.ಪಿ.ಎಡ್., ಮತ್ತೆರಡು ವರ್ಷ ಎಂ.ಪಿ.ಎಡ್., ಮೇಲೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ. ಕೋಚ್ ಆಗಬೇಕೆಂದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ. ಅಷ್ಟು ದೂರ ನಡೆಯುವವರೆಗೆ ಕೈಗೆ ಒಂದು ಸಂಬಳ ಬೇಡವಾ? ಅದಿಲ್ಲದ್ದಕ್ಕೇ ಚೆನ್ನಾಗಿ ಆಡಿದ ಹುಡುಗಿಯರು ಬೆಂಗಳೂರಿನಲ್ಲಿ ಯಾವುದೋ ಕೆಲಸ ಹಿಡಿದು ಚೆಂಡು ಮುಟ್ಟುವುದನ್ನೇ ಬಿಡುತ್ತಿದ್ದಾರೆ. ಬೇಜಾರಾಗುತ್ತದೆ.

ಕೊಡಗು ವಿಶ್ವವಿದ್ಯಾಲಯ ಮತ್ತು ಜಿಲ್ಲೆಯ ಕಾಲೇಜು ಆಡಳಿತ ಮಂಡಳಿಗಳಿಗೆ ನನ್ನ ಕೋರಿಕೆ ಇಷ್ಟೇ. ಹೆಣ್ಣುಮಕ್ಕಳ ತಂಡ ಇರುವಲ್ಲಿ ಅಸಿಸ್ಟೆಂಟ್ ಕೋಚ್ ಅಂತ ಆದೇಶಪತ್ರ ಕೊಡಿ, ಟೂರ್ನಿಗೆ ಮಾತ್ರ ಅಲ್ಲ, ಇಡೀ ಶೈಕ್ಷಣಿಕ ವರ್ಷಕ್ಕೆ ಗೌರವಧನ ಕೊಡಿ. ಮಾಡಿದ ಕೆಲಸ ಏನೇನು ಅಂತ ಅನುಭವ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ. ರಜೆಯಲ್ಲಿ ಎನ್‌ಐಎಸ್‌ನ 6 ವಾರಗಳ ಸರ್ಟಿಫಿಕೇಟ್ ಕೋರ್ಸಿಗೆ ಕಳಿಸಿ, ಖರ್ಚನ್ನು ವಿದ್ಯಾರ್ಥಿಗಳಿಂದ ಪಡೆಯುವ ಕ್ರೀಡಾ ಶುಲ್ಕದಲ್ಲಿ ತೋರಿಸಬಹುದು. ಆದೇಶಪತ್ರವಾದರೂ ಈ ಸಲದ ಅಂತರ ಕಾಲೇಜು ಪಂದ್ಯಗಳಿಗೆ ಮೊದಲು ಕೈಗೆ ಸಿಗಲಿ.

ಇಂತಿ,
ಆಟಗಾರ್ತಿಯೊಬ್ಬಳ ತಾಯಿ, ವಿರಾಜಪೇಟೆ