ಹೆಸರು ಹೇಳದೆ ಹೋದ ಅಕ್ಕನಿಗೆ

ಕಳೆದ ಆಟಿಯಲ್ಲಿ, ತುಳುನಾಡಿನ ಆ ಮಳೆಗಾಲದ ತಿಂಗಳಲ್ಲಿ, ಅಮ್ಮನನ್ನು ಮಂಗಳೂರಿನ ಕಂಕನಾಡಿಯ ಆಸ್ಪತ್ರೆಗೆ ಸೇರಿಸಿದ್ದೆವು. 11 ದಿನ. ಹೊರಗೆ ಬಿಡದ ಮಳೆ, ಒಳಗೆ ನಾನೊಬ್ಬಳೇ. ಮೂರನೇ ದಿನ ನೀವು ಸ್ಟೀಲಿನ ಟಿಫಿನ್ ಹಿಡಿದು ಬಂದು, "ಕುಚ್ಚಲಕ್ಕಿ ಗಂಜಿ, ಬಿಸಿ ಇದೆ, ಮೊದಲು ನೀನು ಉಣ್ಣು" ಎಂದಿರಿ. ಪಕ್ಕದ ವಾರ್ಡಿನಲ್ಲಿದ್ದ ನಿಮ್ಮವರು ಗುಣವಾಗಿ ಮನೆಗೆ ಹೋದ ಮೇಲೂ ಬರುವುದನ್ನು ನಿಲ್ಲಿಸಲಿಲ್ಲ.

ದಿನಗಟ್ಟಲೆ ಬಾಚಣಿಗೆ ಕಾಣದ ಅಮ್ಮನ ಕೂದಲು ಜಡೆಗಟ್ಟಿತ್ತು. ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು, ನೋವಾಗದ ಹಾಗೆ ಬುಡವನ್ನು ಒಂದು ಕೈಯಲ್ಲಿ ಹಿಡಿದು, ತುದಿಯಿಂದ ಒಂದೊಂದೇ ಸಿಕ್ಕು ಬಿಡಿಸಿದಿರಿ. ಮುಕ್ಕಾಲು ಗಂಟೆ. ಅಮ್ಮ ಹಾಗೆಯೇ ನಿದ್ದೆ ಹೋದರು. ಅಷ್ಟು ದಿನಗಳಲ್ಲಿ ಅದೇ ಮೊದಲ ಒಳ್ಳೆಯ ನಿದ್ದೆ.

ನಾವು ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವವರಲ್ಲ. ನೀವು ಅದನ್ನು ಕೇಳಲೂ ಇಲ್ಲ. ಯಾಕೆ ಇಷ್ಟೆಲ್ಲ ಮಾಡುತ್ತೀರಿ ಎಂದು ನಾನೇ ಕೇಳಿದಾಗ, ರೋಗಿಯನ್ನು ನೋಡಿಕೊಂಡರೆ ತನ್ನನ್ನೇ ನೋಡಿಕೊಂಡ ಹಾಗೆ ಅಂತ ಯೇಸು ಹೇಳಿದ್ದಾರಲ್ಲ ಎಂದಷ್ಟೇ ಹೇಳಿ ಪಾತ್ರೆ ತೊಳೆಯಲು ಹೋದಿರಿ. ಆಮೇಲೆ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಹುಡುಕಿ ಓದಿದೆ. ಹಸಿದವರು, ಬಾಯಾರಿದವರು, ಸೆರೆಯಲ್ಲಿದ್ದವರು ಎಲ್ಲರೂ ಅಲ್ಲಿದ್ದಾರೆ. ಇದೇ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಆಲದ ಮರದಡಿ ಹೋಮಿಯೋಪಥಿ ಔಷಧಿ ಕೊಡುತ್ತಿದ್ದರೆಂದು ಕೇಳಿ ಬೆಳೆದವಳು ನಾನು. ಕಣ್ಣಾರೆ ಕಂಡದ್ದು ನಿಮ್ಮ ಕೈಯಲ್ಲಿ.

ಡಿಸ್ಚಾರ್ಜ್ ದಿನ ಹುಡುಕಿದೆ, ನೀವು ಸಿಗಲಿಲ್ಲ. ಟಿಫಿನ್ ನಮ್ಮಲ್ಲೇ ಉಳಿದಿದೆ. ಅಮ್ಮ ಈಗ ಅಂಗಳದವರೆಗೆ ನಡೆಯುತ್ತಾರೆ, ನಿಮ್ಮನ್ನು ಕೇಳುತ್ತಾರೆ. ನೀವೇ ಕಲಿಸಿದ ಕೊಂಕಣಿಯಲ್ಲಿ ಹೇಳುತ್ತೇನೆ ಅಕ್ಕ: ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ.